ಮಸೇರುವಿನಲ್ಲಿ ಒದ್ದೆ ಕಂಬಳಿ ತೂಗುವವರು

ಬೆಳಗಿನ ಐದೂ ಮುಕ್ಕಾಲು. ಮಸೇರು ನಗರದ ಅಂಚಿನ ಸಣ್ಣ ವಿಮಾನ ನಿಲ್ದಾಣದ ಶೆಡ್ಡಿನಲ್ಲಿ ಪುಸೆಲೆತ್ಸೊ ತೂಕದ ಯಂತ್ರದ ಮೇಲೆ ಇಪ್ಪತ್ತು ಕಿಲೋದ ಕಬ್ಬಿಣದ ಗುಂಡು ಇಟ್ಟು ಮುಳ್ಳು ನೋಡುತ್ತಾರೆ. ಇಳಿಸಿ, ಮತ್ತೊಮ್ಮೆ ಇಟ್ಟು ನೋಡುತ್ತಾರೆ. ರಾತ್ರಿಯಿಡೀ ಮಳೆ. ಬೆಂಚಿನ ಮೇಲೆ ಕೂತ ನಾಲ್ವರು ಪ್ರಯಾಣಿಕರ ಉಣ್ಣೆ ಕಂಬಳಿಗಳಿಂದ ಇನ್ನೂ ನೀರು ತೊಟ್ಟಿಕ್ಕುತ್ತಿದೆ.

ಇಲ್ಲಿನ ಸೇವಾ ಸಂಸ್ಥೆಯ ಪುಟ್ಟ ವಿಮಾನಗಳು ಗುಡ್ಡದ ಮೇಲಿನ ಚಿಕಿತ್ಸಾಲಯಗಳಿಗೆ ಔಷಧ ಒಯ್ಯುತ್ತವೆ, ರೋಗಿಗಳನ್ನು ತರುತ್ತವೆ, ಗುಣವಾದವರನ್ನು ಮನೆಗೆ ಬಿಡುತ್ತವೆ. ಒಂಬತ್ತು ವರ್ಷದ ಹಿಂದೆ ಸಂಸ್ಥೆಯ ಜೊತೆ ನಾನು ಈ ಊರಿಗೆ ಬಂದಿಳಿದಾಗ, ಹೆಸರು ಕೇಳುವ ಮೊದಲು ತೂಕ ಕೇಳಿದವರು ಪುಸೆಲೆತ್ಸೊ ಅವರೇ. ಎಪ್ಪತ್ತೆರಡು ಎಂದೆ. "ಎಲ್ಲರೂ ಕಡಿಮೆನೇ ಹೇಳೋದು, ಯಂತ್ರ ಹತ್ತಿ" ಎಂದರು. ಎಪ್ಪತ್ತೈದಿತ್ತು. ಈ ನಗರದ ಬಗ್ಗೆ ನನ್ನಲ್ಲಿ ಮೊದಲು ಮೂಡಿದ ಭಾವನೆ ಅದು: ಇಲ್ಲಿ ಊಹೆ ನಡೆಯುವುದಿಲ್ಲ.

ಸರದಿ ಈಗ ಮುದುಕ ತ್ಲಾದಿಯವರದು. ಕಣ್ಣಿನ ಶಸ್ತ್ರಚಿಕಿತ್ಸೆಯಾದ ಹೆಂಡತಿ ಲಿಂಫೊ ಅವರನ್ನು ಮನೆಗೆ ಕರೆದೊಯ್ಯುತ್ತಿದ್ದಾರೆ. ಯಂತ್ರ ಹತ್ತುವ ಮುನ್ನ ಕಂಬಳಿಯನ್ನು ಸುರುಳಿ ಸುತ್ತಿ ಬೆಂಚಿನ ಮೇಲಿಡುತ್ತಾರೆ.

"ನ್ತಾತೆ, ಕಂಬಳಿ ಹೊದ್ದುಕೊಂಡೇ ಹತ್ತಬೇಕು" ಎನ್ನುತ್ತಾರೆ ಪುಸೆಲೆತ್ಸೊ. ಇಲ್ಲಿ ಹಿರಿಯರನ್ನೆಲ್ಲ ನ್ತಾತೆ, ಅಂದರೆ ಅಪ್ಪ, ಎಂದೇ ಕರೆಯುವುದು.

"ಒದ್ದೆಯಾಗಿದೆ ಮಗಳೇ. ನಿನ್ನ ಯಂತ್ರ ಹಾಳಾದೀತು."

"ಯಂತ್ರ ನಾನು ಒರೆಸ್ಕೋತೀನಿ."

ಕಂಬಳಿಯಿಲ್ಲದೆ ಹತ್ತಿದಾಗ ಐವತ್ತೆಂಟು ತೋರಿಸಿದ್ದ ಮುಳ್ಳು ಸುರುಳಿ ಹೊತ್ತ ಮೇಲೆ ಎಪ್ಪತ್ತಮೂರಕ್ಕೆ ಜಿಗಿಯುತ್ತದೆ.

"ಕಂಬಳಿ ಎಷ್ಟು ನೆಂದರೂ ಐದು ಕಿಲೋ. ಮಿಕ್ಕ ಹತ್ತು?"

"ಬೆಳಿಗ್ಗೆ ಗಂಜಿ ಸ್ವಲ್ಪ ಜಾಸ್ತಿಯಾಯ್ತು."

ಬೆಂಚು ನಗುತ್ತದೆ. "ಗಂಜಿ ಅಲ್ಲ, ಗಂಜಿ ಹಿಟ್ಟು!" ಎಂದು ಲಿಂಫೊ ಗುಟ್ಟು ಬಿಡುತ್ತಾರೆ. "ಬೇಡ ಅಂದೆ. ಈ ಮನುಷ್ಯ ನನ್ನ ಮಾತು ಯಾವತ್ತು ಕೇಳಿದ್ದು?"

ಕಂಬಳಿಯೊಳಗೆ ಜೋಳದ ಹಿಟ್ಟಿನ ಚೀಲ. ಇಂದಿನ ಮಿತಿ ಮುನ್ನೂರ ನಲವತ್ತು ಕಿಲೋ, ಒಟ್ಟು ಹೊರೆ ಮುನ್ನೂರ ನಲವತ್ತೊಂಬತ್ತು. ಇಳಿಯಬೇಕಾದದ್ದು ಹಿಟ್ಟು, ಇಲ್ಲವೇ ಔಷಧದ ಪೆಟ್ಟಿಗೆ, ಇಲ್ಲವೇ ತ್ಲಾದಿ.

ಪುಸೆಲೆತ್ಸೊ ಮೊದಲು ಉಣ್ಣೆ ಮಂಡಿಯಲ್ಲಿ ತೂಗುತ್ತಿದ್ದವರು. ತಕ್ಕಡಿಗೆ ಬೆರಳು ತಾಗಿಸು ಎಂದ ಯಜಮಾನನ ಕೆಲಸ ಬಿಟ್ಟರು. ಗಣಿಯಿಂದ ಶ್ವಾಸಕೋಶ ಕೆಡಿಸಿಕೊಂಡು ಬಂದ ಗಂಡ ತೀರಿಕೊಂಡ ವರ್ಷ ಇಲ್ಲಿಗೆ ಸೇರಿದರು. ಇಪ್ಪತ್ತೊಂದು ವರ್ಷವಾಯಿತು, ಇಬ್ಬರು ಹೆಣ್ಣುಮಕ್ಕಳು ಈ ಸಂಬಳದಲ್ಲೇ ಓದಿದರು. ದಿನಕ್ಕೆ ಸುಮಾರು ಮೂವತ್ತು ಜನ, ಅರವತ್ತು ಗಂಟುಗಳು.

"ಹಿಂದೆ ಒಂದ್ಸಲ, ಇಂಥದೇ ಮಳೆ" ಎಂದು ನೆನೆಯುತ್ತಾರೆ. "ದೊಡ್ಡವರನ್ನ ಒದ್ದೆ ಕಂಬಳಿಲಿ ನಿಲ್ಲಿಸೋದೇನು ಅಂತ ಕಂಬಳಿಗೆ ಎರಡೆರಡು ಕಿಲೋ ಬರೆದುಬಿಟ್ಟೆ. ನೆಂದ ಉಣ್ಣೆ ಎಷ್ಟು ತೂಗುತ್ತೆ ಅಂತ ನನಗಿಂತ ಯಾರಿಗೆ ಗೊತ್ತಿತ್ತು? ಪೈಲಟ್ ವಾಪಸ್ ಬಂದು ಚಕ್ರ ತೋರಿಸಿದ. ರನ್‌ವೇ ಕೊನೆಯಾಚೆಯ ಪೊದೆ ಅದಕ್ಕೆ ಸಿಕ್ಕೊಂಡಿತ್ತು."

ತ್ಲಾದಿಯವರ ದನಿ ಈಗ ಒರಟಾಗಿದೆ. "ಮೊಮ್ಮಕ್ಕಳ ಮುಂದೆ ಬರಿಗೈಲಿ ಹೋಗಲಾ? ಇಷ್ಟು ಜನರೆದುರು ನನ್ನನ್ನ ಕಳ್ಳ ಅಂದೆಯಲ್ಲ!"

"ಕಳ್ಳ ಅನ್ನಲಿಲ್ಲ ನ್ತಾತೆ. ಹತ್ತು ಕಿಲೋ ಅಂದೆ."

ಮುದುಕ ಹೆಂಡತಿಯ ಕಣ್ಣಿನ ಪಟ್ಟಿಯನ್ನು ನೋಡುತ್ತಾರೆ. ಆಮೇಲೆ ತಾವೇ ಗಂಟು ಬಿಚ್ಚಿ ಚೀಲ ಕೆಳಗಿಡುತ್ತಾರೆ. ಪುಸೆಲೆತ್ಸೊ ಅದರ ಮೇಲೆ ಅವರ ಹೆಸರು ಬರೆದು, ಜಾಗ ಸಿಕ್ಕ ಮೊದಲ ವಿಮಾನಕ್ಕೆ ಹಾಕುವ ಮಾತು ಕೊಡುತ್ತಾರೆ. ಪುಸೆಲೆತ್ಸೊ ಬರೆದ ತೂಕದ ಚೀಟಿಗೆ ಪೈಲಟ್ ಸಹಿ ಹಾಕುತ್ತಾನೆ. ಲೆಕ್ಕ ಮತ್ತೆ ಕೂಡಿ ನೋಡುವುದಿಲ್ಲ.

ಏಳೂವರೆಗೆ ರೇಡಿಯೊ ಕರಕರ ಎನ್ನುತ್ತದೆ: ವಿಮಾನ ಗುಡ್ಡದ ಮೇಲೆ ಇಳಿದಾಯಿತು. ಆಮೇಲೆಯೇ ಪುಸೆಲೆತ್ಸೊ ಚಹಾ ಬಗ್ಗಿಸಿಕೊಳ್ಳುವುದು. ಏನಾದರೂ ಆಸೆ ಇದೆಯೇ ಎಂದು ಕೇಳಿದೆ. ಹಿಟ್ಟಿನ ಚೀಲದ ಕಡೆ ನೋಡಿದರು.

"ಈ ಮೂಲೆಲಿ ಒಂದು ಒಲೆ ಬೇಕು. ನಾಲ್ಕು ಕಂಬಳಿ ಒಣಗಿಸಿದ್ರೆ ಹನ್ನೆರಡು ಕಿಲೋ ಇಳೀತಿತ್ತು. ಆ ನ್ತಾತೆ ಹಿಟ್ಟು ಹೊತ್ಕೊಂಡೇ ಮನೆಗೆ ಹೋಗ್ತಿದ್ರು."