ಸೂಜಕ್ಕನ ಕಣ್ಣಿಗೆ ಬಂದ ದೂರು

ಬಲ್ಬು ಬದಲಾಯಿಸಬೇಕು ಎಂದು ಮೊದಲು ಹೇಳಿದವಳು ಸೂಜಕ್ಕನೇ. ಅಡುಗೆಮನೆಯ ಮೇಜಿನ ಮುಂದೆ, ಸೂರಿಗೆ ಸಿಕ್ಕಿಸಿದ ನಾಲ್ಕು ಹ್ಯಾಲೊಜೆನ್ ಸ್ಪಾಟ್‌ಲೈಟ್‌ಗಳ ಕೆಳಗೆ ಕೂತು ಇಪ್ಪತ್ತೆರಡು ವರ್ಷ ರಫೂ ಮಾಡಿದವಳು ಅವಳು. ಅವುಗಳ ಕಾವಿಗೆ ನೆತ್ತಿ ಕಾದ ಹೆಂಚಾಗುತ್ತಿತ್ತು. ಎರಡು ತಿಂಗಳಿಗೊಂದು ಟಪ್ಪೆಂದು ಸುಟ್ಟುಹೋಗುತ್ತಿತ್ತು. ಎಲ್‌ಇಡಿ ಹಾಕಿಸೋಣ ಎಂದಳು. ಹೇಳಿದ್ದು ಅವಳು, ಆರಿಸಿದ್ದು ಅವಳ ಗಂಡ. ಆ ಮನೆಯಲ್ಲಿ ಏಣಿ ಹತ್ತಿ ಮುಟ್ಟಬೇಕಾದ್ದೆಲ್ಲ ಗಂಡಸರದ್ದು. ಏಣಿಯಿಂದ ಉದುರಿದ ಧೂಳು, ಜೇಡರಬಲೆ, ಸುಣ್ಣದ ಚಕ್ಕೆ ಹೆಂಗಸರದ್ದು. ಹೀಗೆಂದು ಯಾರೂ ಬರೆದಿಟ್ಟಿರಲಿಲ್ಲ. ಆದರೂ ಒಂದು ದಿನವೂ ತಪ್ಪಿರಲಿಲ್ಲ.

ರಫೂ ಅಂದರೆ ತೇಪೆಯಲ್ಲ. ತೇಪೆ ಎಲ್ಲರಿಗೂ ಕಾಣುತ್ತದೆ, ರಫೂ ಯಾರಿಗೂ ಕಾಣಬಾರದು. ಹುಳ ತಿಂದ ತೂತು, ಸಿಗರೇಟಿನ ಕಿಡಿ ಬಿದ್ದ ಜಾಗ, ಮೊಳೆಗೆ ಸಿಕ್ಕು ಹರಿದ ಮೂಲೆ, ಎಲ್ಲಿದ್ದರೂ ಅಲ್ಲಿ ಎಳೆಯ ಮೇಲೆ ಎಳೆ ನೇಯ್ದು ಬಟ್ಟೆಯನ್ನೇ ಮತ್ತೆ ಹುಟ್ಟಿಸಬೇಕು. ಅದನ್ನು ಕಲಿಸಿದವಳು ಸೋದರತ್ತೆ. "ಕೆಲಸ ಚೆನ್ನಾಗಿದೆ ಅಂತ ಯಾರಾದರೂ ಹೊಗಳಿದರೆ ಕೆಟ್ಟಿದೆ ಅಂತ ತಿಳ್ಕೋ, ಅವರಿಗೆ ಕಂಡಿದೆ ಅಂತಲೇ ಅರ್ಥ," ಎನ್ನುತ್ತಿದ್ದಳು. ಮನೆಗೆಲಸಕ್ಕೂ ಅದೇ ನಿಯಮ ಎಂದು ಸೂಜಕ್ಕನಿಗೆ ಮದುವೆಯಾದ ಮೇಲೆ ಗೊತ್ತಾಯಿತು.

ಹಗಲು ಬೆಳಕು ಬೀಳುವ ಒಂದೇ ಕಿಟಕಿಯ ಪಕ್ಕ ಗಂಡನ ಕುರ್ಚಿ ಇತ್ತು, ಅದರ ಪಕ್ಕ ಅತ್ತೆಯ ಮಂಚ. ಅಡುಗೆ, ಬಟ್ಟೆ, ಅತ್ತೆಯ ಸ್ನಾನ, ಮಾತ್ರೆ ಎಲ್ಲ ಮುಗಿಸಿ ಅವಳು ಸೂಜಿ ಹಿಡಿಯುವ ಹೊತ್ತಿಗೆ ಸೂರ್ಯ ಎದುರು ಮನೆಯ ಹಿಂದೆ ಇಳಿದಿರುತ್ತಿದ್ದ. ಹಾಗಾಗಿ ಹ್ಯಾಲೊಜೆನ್ನೇ ಅವಳ ಸೂರ್ಯ. ಸುಡುತ್ತಿತ್ತು ನಿಜ, ಸುಳ್ಳು ಹೇಳುತ್ತಿರಲಿಲ್ಲ. ಅದರ ಕೆಳಗೆ ಹೊಂದಿದ ಬಣ್ಣ ಬೀದಿಯಲ್ಲೂ ಹೊಂದುತ್ತಿತ್ತು.

ಗಂಡ ಲಾರಿ ತೂಗುವ ವೇಬ್ರಿಡ್ಜ್‌ನಲ್ಲಿ ಆಯಸ್ಸು ಕಳೆದವನು. ಅಂಕಿ ದೊಡ್ಡದಿದ್ದರೆ ಸರಕೂ ದೊಡ್ಡದು ಎಂಬುದು ಅವನ ವೇದಾಂತ. ಹಳೆಯ ಬಲ್ಬೊಂದನ್ನು ಜೊತೆಗೆ ಒಯ್ದು ಬೆಳಕಿನ ಬಣ್ಣ ಹೋಲಿಸಿ ತನ್ನಿ ಎಂದು ಅವಳು ಎರಡು ಸಲ ಹೇಳಿದಳು. "ಬೆಳಕಿಗೆಂಥ ಬಣ್ಣ ಕಣೇ, ಬೆಳಕು ಅಂದ್ರೆ ಬೆಳಕು," ಎಂದು ಅವನು ಚಪ್ಪಲಿ ಮೆಟ್ಟಿದ. ಡಬ್ಬಿಯ ಮೇಲೆ ಮೂರು ಸಾವಿರ, ನಾಲ್ಕು ಸಾವಿರ, ಆರೂವರೆ ಸಾವಿರ ಎಂದು ಬರೆದಿದ್ದನ್ನು ನೋಡಿ ಆರೂವರೆ ಸಾವಿರದ್ದನ್ನೇ ತಂದ. ಅದು ಬೆಳಕು ಎಷ್ಟು ನೀಲಿಗೆ ತಿರುಗುತ್ತದೆ ಎಂಬುದರ ಲೆಕ್ಕವೇ ಹೊರತು ಬೆಳಕಿನ ತೂಕವಲ್ಲ ಎಂದು ಅವನು ಕೇಳಿ ತಿಳಿಯಲೂ ಇಲ್ಲ, ಅಂಗಡಿಯವನು ಹೇಳಲೂ ಇಲ್ಲ.

ಹಾಕಿದ ಸಂಜೆ ಮೇಜಿನ ಮೇಲೆ ನಾಲ್ಕು ಬಿಳಿ ಚಕ್ರಗಳು ಬಿದ್ದವು, ಚಕ್ರಗಳ ನಡುವೆ ಕತ್ತಲು. ಹೆಚ್ಚಿಟ್ಟ ಟೊಮೇಟೊ ಬೂದಿ ಮೆತ್ತಿದಂತೆ ಕಂಡಿತು. ಅವಳು ಬಾಯಿ ತೆರೆಯುವ ಮೊದಲೇ ಗಂಡ ಆಸ್ಪತ್ರೆಯ ಆಪರೇಷನ್ ಥಿಯೇಟರ್ ಇದ್ದಂಗಿದೆ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡ.

ಅದೇ ವಾರ ಲಾಂಡ್ರಿಯವನು ಒಂದು ಕಂದು ಉಣ್ಣೆಯ ಕೋಟು ಕಳಿಸಿದ. ಸೂಜಕ್ಕನಿಗೆ ಕೆಲಸ ಬರುತ್ತಿದ್ದುದೇ ಅವನಿಂದ. ನಿವೃತ್ತ ಶಿಕ್ಷಕಿಯೊಬ್ಬರ ಕೋಟು, ಎದೆಯ ಮೇಲೆ ಬೆರಳುಗಾತ್ರದ ತೂತು. ಮಾಮೂಲಾದರೆ ಕೋಟಿನ ಒಳಮಡಿಕೆಯಿಂದಲೇ ಎಳೆ ಬಿಡಿಸಿಕೊಳ್ಳುತ್ತಿದ್ದಳು. ಹಿಂದೆ ಯಾರೋ ದರ್ಜಿ ಒಳಮಡಿಕೆ ಕತ್ತರಿಸಿ ಎಸೆದಿದ್ದ. ತನ್ನ ಡಬ್ಬಿಯ ಕಂದುಗಳಲ್ಲೇ ಹುಡುಕಿ ಒಂದನ್ನು ಹೊಂದಿಸಿ, ಮೂರು ಸಂಜೆ ಕೂತು ನೇಯ್ದಳು. ಬಲ್ಬಿನ ಕೆಳಗೆ ತೂತಿದ್ದ ಜಾಗ ಅವಳಿಗೇ ಸಿಗಲಿಲ್ಲ.

ಶಿಕ್ಷಕಿ ಕೋಟು ಹಾಕಿಕೊಂಡು ಬಿಸಿಲಿಗೆ ಬಂದದ್ದೇ ತಡ, ಎದೆಯ ಮೇಲೆ ಪಾಚಿಬಣ್ಣದ ಕಲೆ ಎದ್ದು ಕೂತಿತು. ಕೋಟು ಲಾಂಡ್ರಿಗೆ ವಾಪಸಾಯಿತು, ಲಾಂಡ್ರಿಯಿಂದ ಮನೆಗೆ. ಲಾಂಡ್ರಿಯವನು ತಾನೇ ಹೊತ್ತು ತಂದು ಬಾಗಿಲಲ್ಲೇ ನಿಂತು, ವಯಸ್ಸಾಗ್ತಾ ಬಂತು, ಕನ್ನಡಕ ಹಾಕಿಸಿಕೊಂಡು ಇದನ್ನ ಸರಿಮಾಡಿ ಕೊಡಿ, ಅಲ್ಲಿವರೆಗೆ ಹೊಸ ಕೆಲಸ ಬೇರೆ ಕಡೆ ಕೊಡ್ತೀನಿ ಎಂದು ಮೆತ್ತಗೆ ಹೇಳಿಹೋದ. ಪಕ್ಕದ ಅಂಗಡಿಯವರಿಗೆ ಅಷ್ಟು ಮೆತ್ತಗೆ ಹೇಳಲಿಲ್ಲ. ಎರಡೇ ದಿನದಲ್ಲಿ ಸೂಜಕ್ಕನಿಗೆ ಕಣ್ಣು ಮಂಜಂತೆ ಎಂಬುದು ಬೀದಿಗೆಲ್ಲ ಗೊತ್ತಾಯಿತು. ರಫೂದವಳ ಕಣ್ಣು ಹೋಯಿತು ಅಂದರೆ ಕೈ ಹೋದಂತೆಯೇ.

ಅವಳು ಬಲ್ಬಿನ ಮೇಲೆ ಅನುಮಾನ ಎತ್ತಿದಾಗ ಅತ್ತೆ ಮಂಚದಿಂದಲೇ ನಕ್ಕರು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ." ಗಂಡ, ನಾಳೆ ಕಣ್ಣಿನ ಡಾಕ್ಟರ ಹತ್ತಿರ ಕರ್ಕೊಂಡು ಹೋಗ್ತೀನಿ ಬಿಡು ಎಂದು ದೊಡ್ಡ ಮನಸ್ಸು ಮಾಡಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯಲು ಇಬ್ಬರೂ ಸಿದ್ಧ.

ಸೂಜಕ್ಕ ಕೋಟನ್ನೂ ನೂಲಿನ ಉಂಡೆಯನ್ನೂ ಎತ್ತಿಕೊಂಡು ಬಾಗಿಲ ಹೊರಗಿನ ಮೆಟ್ಟಿಲ ಮೇಲೆ ಕೂತಳು. ಹಗಲು ಹನ್ನೊಂದು ಗಂಟೆ, ಒಲೆಯ ಮೇಲೆ ಏನೋ ಕುದಿಯುತ್ತಿತ್ತು, ಕುದಿಯಲಿ ಎಂದು ಬಿಟ್ಟಳು. ಬಿಸಿಲಲ್ಲಿ ಕೋಟು ಕೆಂಗಂದು, ನೂಲು ಹಸಿರುಗಂದು. ಕುರುಡರಿಗೂ ಕಾಣುವಷ್ಟು ಬೇರೆ. ಒಳಗೆ ಬಂದು ಬಲ್ಬಿನ ಕೆಳಗೆ ಹಿಡಿದಳು. ಎರಡೂ ಒಂದೇ. ಮತ್ತೆ ಹೊರಗೆ, ಮತ್ತೆ ಒಳಗೆ. ನಾಲ್ಕನೆಯ ಸಲಕ್ಕೆ ಕೋಟನ್ನು ಮೇಜಿನ ಮೇಲೆ ಎಸೆದಳು. ಒಂದು ವಾರ ತನ್ನ ಕಣ್ಣನ್ನು ತಾನೇ ಶಂಕಿಸಿ, ಕನ್ನಡಿಯ ಮುಂದೆ ರೆಪ್ಪೆ ಅಗಲಿಸಿ ನೋಡಿಕೊಂಡಿದ್ದಳಲ್ಲ, ಅದನ್ನು ನೆನೆದು ಮೈ ಉರಿಯಿತು.

ಕೋಟಿನ ಒಂದು ಎಳೆ, ಆ ನೂಲಿನ ಒಂದು ಎಳೆ ರಟ್ಟಿನ ಚೂರಿಗೆ ಸುತ್ತಿ, ಹಳೆಯ ಹ್ಯಾಲೊಜೆನ್ ಒಂದನ್ನು ಚೀಲಕ್ಕೆ ಹಾಕಿಕೊಂಡು ಎಲೆಕ್ಟ್ರಿಕ್ ಅಂಗಡಿಗೆ ನಡೆದಳು. ಅಂಗಡಿಯವನು ಅವಳ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ನೋಡಿದ.

"ವೋಲ್ಟೇಜು, ಹೋಲ್ಡರು ಎಲ್ಲ ನೋಡ್ಬೇಕಾಗತ್ತೆ ಮೇಡಂ. ಯಜಮಾನ್ರನ್ನ ಕಳಿಸಿ."

"ಯಜಮಾನ್ರು ಆರಿಸಿದ್ದರ ಫಲ ಉಣ್ತಾ ಇದೀನಿ. ಹೋಲ್ಡರು ಇದು," ಎಂದು ಹಳೆಯ ಬಲ್ಬನ್ನು ಗಾಜಿನ ಮೇಲೆ ಇಟ್ಟಳು. "ಒಂದೊಂದೇ ಹಚ್ಚಿ. ನಾನು ಹೇಳೋವರೆಗೂ."

ಅವನು ಒಂದೊಂದೇ ಹಚ್ಚಿದ. ಅವಳು ರಟ್ಟು ಹಿಡಿದಳು. ಬೆಚ್ಚನೆಯ ಬಣ್ಣದ ಬೆಳಕಿನವುಗಳಲ್ಲೂ ಕೆಲವು ಸುಳ್ಳು ಹೇಳಿದವು. ಐದನೆಯದರ ಕೆಳಗೆ ಎರಡೆಳೆಗಳೂ ಜಗಳವಾಡಿದ ಓರಗಿತ್ತಿಯರಂತೆ ಬೇರೆ ಬೇರೆ ಕೂತವು. ಡಬ್ಬಿ ತಿರುಗಿಸಿದಳು. ಮೂರು ಸಾವಿರ. ಅದರ ಕೆಳಗೆ ಇರುವೆಯಂಥ ಅಕ್ಷರದಲ್ಲಿ ಸಿಆರ್‌ಐ ತೊಂಬತ್ತೇಳು. ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನೋದಕ್ಕೆ ನೂರಕ್ಕೆ ಇಷ್ಟು ಅಂತ ಅಂಕ ಅದು, ನಿಮ್ಮ ಯಜಮಾನ್ರು ಒಯ್ದದ್ದು ಎಪ್ಪತ್ತರದು ಎಂದು ಅಂಗಡಿಯವನೇ ಒಪ್ಪಿಕೊಂಡ. ಮತ್ಯಾಕೆ ಹೇಳಲಿಲ್ಲ ಎಂದರೆ, ಯಾರೂ ಕೇಳಲ್ಲ ಮೇಡಂ ಎಂದ. ಬೆಳಕು ಚಕ್ರಚಕ್ರವಾಗಿ ಬೀಳದೆ ಅರವತ್ತು ಡಿಗ್ರಿ ಹರಡುವಂಥದ್ದನ್ನೇ ನಾಲ್ಕು ಆರಿಸಿಕೊಂಡಳು.

ಮನೆಯಲ್ಲಿ ಮೇನ್ ಆರಿಸಿ ಏಣಿ ಹತ್ತಿದಳು. ಗಂಡ ಓಡಿಬಂದ. "ಬೀಳ್ತೀಯ ಇಳಿಯೇ, ನಾನು ಹಾಕ್ತೀನಿ. ಒಂದು ಬಲ್ಬಿಗೆ ಇಷ್ಟೊಂದು ರಾದ್ಧಾಂತವಾ?"

"ಬಲ್ಬಿಗಲ್ಲ. ವಾರದಿಂದ ನನ್ನನ್ನ ಕುರುಡಿ ಮಾಡಿ ಕೂರಿಸಿದ್ರಲ್ಲ, ಅದಕ್ಕೆ. ಏಣಿ ಹಿಡ್ಕೊಳ್ಳಿ, ಅಷ್ಟು ಸಾಕು."

ಅವನು ಹಿಡಿದುಕೊಂಡ. ಅತ್ತೆ ಮಂಚದ ಮೇಲೆ ಗೋಡೆಯ ಕಡೆ ಮಗ್ಗುಲಾದರು.

ಮರುದಿನ ಕಿಟಕಿಯ ಕುರ್ಚಿಯನ್ನು ಪಕ್ಕಕ್ಕೆ ಎಳೆದು ಹಗಲಲ್ಲೇ ಕೆಲಸಕ್ಕೆ ಕೂತಳು. ಹಸಿರುಗಂದನ್ನು ಎಳೆಎಳೆಯಾಗಿ ಬಿಚ್ಚಿ, ಕೆಂಗಂದನ್ನು ಹೊಂದಿಸಿ ನೇಯ್ದಳು, ಸಂಜೆಗೆ ಹೊಸ ಬಲ್ಬಿನ ಕೆಳಗೆ ಮುಂದುವರಿಸಿದಳು. ನಾಲ್ಕು ದಿನ ಹಿಡಿಯಿತು. ಊಟದ ಹೊತ್ತಿಗೆ ಊಟ ಇರಲಿಲ್ಲ. ಹಸಿದವರು ಬೇಯಿಸಿಕೊಂಡರು.

ಲಾಂಡ್ರಿಯವನು ಅವಳು ಅಂಗಡಿಗೆ ತಂದ ಕೋಟನ್ನು ಬೀದಿಗೆ ಒಯ್ದು, ಬಿಸಿಲಿಗೆ ಹಿಡಿದು, ಬೆರಳಾಡಿಸಿ, ತೂತು ಎಲ್ಲಿತ್ತೆಂದು ಹುಡುಕಿ ಸೋತ. "ನೋಡಿದ್ರಾ ಅಕ್ಕಾ, ಕನ್ನಡಕ ಹಾಕಿಸಿಕೊಂಡ ಮೇಲೆ ಹೆಂಗೆ ಬಂತು ಕೆಲಸ. ನಾನು ಹೇಳ್ಲಿಲ್ವಾ."

ಅವಳು ಅವನ ಕೈಯಿಂದ ಕೋಟು ವಾಪಸ್ ತೆಗೆದುಕೊಂಡಳು.

"ನನ್ನ ಮುಖದ ಮೇಲೆ ಕನ್ನಡಕ ಎಲ್ಲಿದೆ? ನನ್ನ ಕಣ್ಣಿಗೆ ಏನೂ ಆಗಿರಲಿಲ್ಲ, ಕೆಟ್ಟದ್ದು ಬಲ್ಬು. ಟೀಚರಿಗೆ ಫೋನ್ ಮಾಡಿ ಹಾಗಂತ ಹೇಳಿ. ಆಮೇಲೆ ಪಕ್ಕದ ಅಂಗಡಿಗೂ ಹೋಗಿ ಹೇಳಿ ಬನ್ನಿ. ಅಲ್ಲಿವರೆಗೆ ಕೋಟು ನನ್ನ ಹತ್ರಾನೇ ಇರತ್ತೆ."

ಅವನು ನಗಲು ನೋಡಿದ. ಅವಳು ನಗಲಿಲ್ಲ. ಕೊನೆಗೆ ಫೋನ್ ಎತ್ತಿ, ಅವರ ಕಣ್ಣು ಸರಿಯಾಗೇ ಇದೆ ಮೇಡಂ, ಮನೆಯಲ್ಲಿ ಯಾವುದೋ ತಪ್ಪು ಬಲ್ಬು ಬಂದುಬಿಟ್ಟಿತ್ತಂತೆ ಎಂದ.

"ತಾನಾಗೇ ಬರಲಿಲ್ಲ," ಎಂದಳು ಸೂಜಕ್ಕ, ಫೋನಿಗೆ ಕೇಳುವಷ್ಟು ಗಟ್ಟಿಯಾಗಿ. "ನನ್ನ ಗಂಡ ತಂದಿದ್ದು. ಅದನ್ನೂ ಹೇಳಿ."