ತೇಲಿ ಬಂದದ್ದನ್ನೆಲ್ಲ ಸವಿಯುವ ಮರಿಗಳು

ಹತ್ತಿಗೆ ಔಷಧ ಹೊಡೆದು ಬಂದ ಮಾವ ಪಂಪನ್ನು ಹಳ್ಳದಲ್ಲಿ ತೊಳೆಯಲು ಬಗ್ಗಿದರು. ಬಟ್ಟೆ ಒಗೆಯುತ್ತಿದ್ದ ನಾನು ಎದ್ದು ಅಡ್ಡ ನಿಂತೆ. ಮದುವೆಯಾಗಿ ಕಕ್ಕೇರಾಕ್ಕೆ ಬಂದ ಮೇಲೆ ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು.

“ಇಲ್ಲಿ ಬ್ಯಾಡ್ರಿ ಮಾವಾರ. ಮೀನಿನ ಮರಿ ಅದಾವ.”

“ಹರಿಯೋ ನೀರಿಗಿ ಏನಾಗ್ತದ? ಸರಿ ಅತ್ತಾಗ,” ಎಂದರು.

ನಾನು ಸರಿಯಲಿಲ್ಲ. ಕಾಲುವೆಯ ಬಸಿನೀರು ಸೇರಿ ಹಳ್ಳ ತಿಳಿಯಾಗಿ ಹರಿಯುತ್ತಿತ್ತು. ಬೆರಳುದ್ದದ ಮರಿಗಳು ಕಲ್ಲುಗಳ ಮರೆಯಲ್ಲಿ, ನೀರು ಬರುವ ಕಡೆಗೇ ಮುಖ ಮಾಡಿ ನಿಂತಿದ್ದವು. ಒಣಹುಲ್ಲಿನ ಚೂರೊಂದನ್ನು ಮೇಲಿಂದ ತೇಲಿಬಿಟ್ಟೆ. ಒಂದು ಮರಿ ಚಂಗನೆ ಬಂದು ಅದನ್ನು ಬಾಯಿಗೆ ಹಾಕಿಕೊಂಡು, ತಿನ್ನುವಂಥದ್ದಲ್ಲವೆಂದು ಉಗುಳಿ, ತನ್ನ ಜಾಗಕ್ಕೆ ಮರಳಿತು.

“ತೇಲಿ ಬಂದಿದ್ದೆಲ್ಲ ಬಾಯಾಗ ಹಾಕ್ಕೊಂಡೇ ನೋಡ್ತಾವ್ರಿ. ಔಷಧ ಬಂದ್ರ ಉಗುಳಾಕ ಎಲ್ಲಿ ಆಗ್ತದ?”

ಮಾವ ತಾವೂ ಒಂದು ಚೂರು ಬಿಟ್ಟು ನೋಡಿದರು. ಬಳಿಕ ಪಂಪನ್ನು ಬೆನ್ನಿಗೇರಿಸಿ, “ಹಂಗಾರ ಹೊಲಕ್ಕ ನೀರು ನೀನೇ ಹೊತ್ತು ತಾ. ಅಲ್ಲೇ ತೊಳಿತೀನಿ,” ಎಂದರು.

ಹೊತ್ತೆ. ಕುತ್ತಿಗೆ ಉಳುಕಿದರೂ ಹಂಗಾಮು ಮುಗಿಯುವವರೆಗೆ ಬಿಡಲಿಲ್ಲ. ಈ ವರ್ಷವೂ ಕೊಡ ನನ್ನ ತಲೆಯ ಮೇಲೇ ಇದೆ. ಪಂಪು ಮಾತ್ರ ಮತ್ತೆ ಹಳ್ಳಕ್ಕೆ ಇಳಿದಿಲ್ಲ.