ಎರಡನೆಯ ದಿನಕ್ಕೆ ತೆರೆದ ಭಟ್ಟಿ

ಖಾನಾಪುರದ ಆ ಹಂಚಿನ ಕಾರ್ಖಾನೆಯಲ್ಲಿ ರೂತವ್ವನ ಅಂಗೈಗೆ ಇದ್ದ ಮರ್ಯಾದೆ ಮಾಲೀಕನ ಗಡಿಯಾರಕ್ಕೂ ಇರಲಿಲ್ಲ. ಹಂಚು ಸುಡುವ ಮೊದಲು ಭಟ್ಟಿಯ ಬಾಗಿಲಿಗೆ ಇಟ್ಟಿಗೆ ಒಟ್ಟಿ ಕೆಸರು ಮೆತ್ತುತ್ತಾರೆ. ಬೆಂಕಿ ಆರಿದ ಮೇಲೆ ನಾಲ್ಕು ದಿನ ಹಾಗೆಯೇ ತಣಿಯಲು ಬಿಡಬೇಕು. ಅವಸರ ಮಾಡಿದರೆ ಹೊರಗಿನ ತಂಪುಗಾಳಿ ನುಗ್ಗಿ ಒಳಗಿನ ಕಮಾನು ಬಿರಿಯುತ್ತದೆ. ನಾಲ್ಕನೆಯ ಬೆಳಿಗ್ಗೆ ರೂತವ್ವ ಬಂದು, ಆ ಕೆಸರಿಗೆ ಅಂಗೈ ಒತ್ತಿ, "ಆತು, ತಗೀರಿ" ಅಂದರೇನೇ ಮೊದಲ ಇಟ್ಟಿಗೆ ಕೀಳುವುದು. ಮೂವತ್ತೊಂದು ವರ್ಷದಿಂದ ಅವಳದೇ ಮಾತು. ಅದಕ್ಕೂ ಮೊದಲು ಅವಳ ಅತ್ತೆಯದು.

ಜನವರಿಯಲ್ಲಿ ಒಂದು ಸಲ ಅವಳನ್ನು ಎರಡನೆಯ ದಿನವೇ ಕರೆಸಿದರು. ಬೆಳಗಾವಿಯ ಗಿರಾಕಿಯೊಬ್ಬನ ಲಾರಿ ಅಂಗಳದಲ್ಲಿ ಬಂದು ನಿಂತಿತ್ತು. ಮಾಲೀಕ ಪ್ರಸಾದ, ಚರ್ಚಿನಲ್ಲಿ ಸಭೆಯ ಹಿರಿಯನೂ ಆದವನು, ಪಕ್ಕದಲ್ಲೇ ನಿಂತಿದ್ದ. ರೂತವ್ವ ಅಂಗೈ ಇಟ್ಟವಳು ಚಟ್ಟನೆ ಹಿಂದೆಗೆದಳು.

"ಇನ್ನೂ ಸುಡ್ತೈತ್ರಿ, ಸಾಹೇಬ್ರ."

"ವಯಸ್ಸಾತು ರೂತವ್ವ, ನಿನ್ನ ಕೈ ನಾಜೂಕ ಆಗೇತಿ," ಎಂದು ಪ್ರಸಾದ ನಕ್ಕ. "ಹೂಂ ಅನ್ನು. ನೀ ಅನ್ನದ ಇವರು ಇಟ್ಟಿಗಿ ಮುಟ್ಟಂಗಿಲ್ಲ."

ಬಾಗಿಲ ಮುಂದೆ ಹಾರೆ ಹಿಡಿದು ನಿಂತಿದ್ದ ದಾವೀದ ಅವಳ ಮುಖ ನೋಡಿದ. "ದೊಡ್ಡವ್ವ, ತಗೀಲೇನು?"

ರೂತವ್ವ ಪ್ರಸಾದನ ಮುಖ ನೋಡಿದಳು. ಆಮೇಲೆ, "ತಗಿ," ಅಂದಳು.

ದಾವೀದ ಇಟ್ಟಿಗೆ ಕಿತ್ತು ಒಳಗೆ ಕಾಲಿಟ್ಟದ್ದೇ ಕಮಾನು ಅವನ ಮೇಲೆ ಕುಸಿಯಿತು. ಬೆಳಗಾವಿಯ ಆಸ್ಪತ್ರೆಗೆ ಒಯ್ಯುವಾಗ ಪೀರನವಾಡಿ ದಾಟುವ ಮೊದಲೇ ಉಸಿರು ನಿಂತಿತು.

ಮಣ್ಣು ಮಾಡುವಾಗ ಪಾಸ್ಟರು, "ದೇವರ ಚಿತ್ತ," ಅಂದರು. ಪ್ರಸಾದ ಕರವಸ್ತ್ರದಿಂದ ಕಣ್ಣೊರೆಸಿಕೊಂಡು, "ದೇವರ ಚಿತ್ತ," ಅಂದ. ಮರುದಿನ ಭಟ್ಟಿ ರಿಪೇರಿಗೆ ಗೌಂಡಿಗಳು ಬಂದರು. ಎಷ್ಟು ಸಲೀಸು! ಒಬ್ಬ ಅವಸರ ಮಾಡಿದ, ಒಬ್ಬಳು ಅಂಜಿ ಹೂಂ ಅಂದಳು, ಹೊಣೆಯನ್ನು ಮಾತ್ರ ಆಕಾಶದಲ್ಲಿದ್ದವನ ತಲೆಗೆ ಕಟ್ಟಿ ಎಲ್ಲರೂ ಕೈ ತೊಳೆದುಕೊಂಡರು.

ರೂತವ್ವ ಇದನ್ನೂ ನುಂಗಿಕೊಂಡಿದ್ದಳು. ನುಂಗಲಾಗದೆ ಹೋದದ್ದು ದಾವೀದನ ಹೆಂಡತಿ ಪೂರ್ಣಿಮಾಳ ಮಾತು. ಮೂರು ವಾರದಲ್ಲಿ ಆ ಹುಡುಗಿ ಕಡ್ಡಿಯಾಗಿದ್ದಳು. ರೊಟ್ಟಿ ಒಯ್ದು ಕೊಟ್ಟರೆ ಮುಟ್ಟಲಿಲ್ಲ.

"ಮದುವಿಗೆ ಮೊದಲ ಒಂದು ವರ್ಷ ನಾ ಪ್ರಾರ್ಥನಿ ಬಿಟ್ಟಿದ್ದೆ, ದೊಡ್ಡವ್ವ. ಅದಕ್ಕ ಇರಬೇಕು. ಇಲ್ಲಾ ಅವ್ವನ ಕೂಡ ಜಗಳಾಡಿದ್ದಕ್ಕೋ ಏನೋ. ಕಾರಣ ಇಲ್ಲದ ದೇವರು ಹೊಡಿಯಂಗಿಲ್ಲ, ನೆನಪ ಮಾಡಿಕೋ ಅಂದಾರ ಚರ್ಚಿನ ಹೆಣ್ಣುಮಕ್ಕಳು."

ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ತನ್ನ ಇಪ್ಪತ್ತಾರು ವರ್ಷಗಳನ್ನು ಮುಂದೆ ಹರವಿಕೊಂಡು ಅವಳು ಪಾಪ ಹುಡುಕುತ್ತಿದ್ದಳು. ಪಾಪ ಮಾಡಿದವರು ಹೊಟ್ಟೆ ತುಂಬ ಉಂಡು ಮಲಗುತ್ತಿದ್ದರು.

ಮರುದಿನ ಬೆಳಿಗ್ಗೆಯೇ ರೂತವ್ವ ಬಸ್ಸು ಹತ್ತಿ ಬೆಳಗಾವಿಯ ಕ್ಯಾಂಪ್ ಬಡಾವಣೆಯಲ್ಲಿದ್ದ ಪಾಸ್ಟರ ಮನೆಗೆ ಹೋದಳು. ಭಾನುವಾರ ದಾವೀದನ ಸ್ಮರಣೆಯ ಆರಾಧನೆ. ಅಲ್ಲಿ ಸಾಕ್ಷಿ ಹೇಳಲು ಸಭೆ ಅವಳನ್ನೇ ಆರಿಸಿ, ಎಲ್ಲ ದೇವರ ಚಿತ್ತ ಎಂದು ಹೇಳಬೇಕಾದ ಮಾತನ್ನು ಚೀಟಿಯಲ್ಲಿ ಬರೆದೂ ಕಳಿಸಿತ್ತು.

"ಬರ್ರಿ, ಕುಂದರ್ರಿ ರೂತವ್ವ. ಚಾ ತಗೋತೀರೇನು?"

"ಚಾ ಬ್ಯಾಡ್ರಿ. ಭಟ್ಟಿ ತಗಿ ಅಂತ ದೇವರು ಹೇಳಿದ್ನೇನ್ರಿ?"

ಪಾಸ್ಟರು ಕೆಟ್ಟವರಲ್ಲ. ಮೆಲ್ಲಗೆ, "ಆತ ಕುಂಬಾರ, ನಾವು ಮಣ್ಣು. ಮಣ್ಣು ಕುಂಬಾರಗ ಪ್ರಶ್ನಿ ಮಾಡ್ತೈತೇನವ್ವ?" ಅಂದರು.

"ಮಣ್ಣಿನ ಸುದ್ದಿ ನನಗ ಹೇಳಬ್ಯಾಡ್ರಿ, ಮೂವತ್ತೊಂದು ವರ್ಷ ತುಳದೇನಿ. ಮಣ್ಣಿಗೆ ಬಾಯಿಲ್ಲ. ನನಗ ಐತಿ. ಹೂಂ ಅನ್ನಾಕೂ ಬರ್ತೈತಿ, ಉಹೂಂ ಅನ್ನಾಕೂ ಬರ್ತೈತಿ. ಅವತ್ತ ತಗಿ ಅಂದಾಕಿ ನಾನು, ಅನ್ನಿಸಿದಾಂವ ಪ್ರಸಾದ. ನಡುವ ದೇವರನ್ನ ಯಾಕ ಎಳೀತೀರಿ?"

"ಪ್ರಸಾದನ್ನ ಕ್ಷಮಾ ಮಾಡ್ರಿ. ಅದಽ ನಮ್ಮ ದಾರಿ."

"ತಪ್ಪಽ ಆಗಿಲ್ಲ ಅಂದಮ್ಯಾಲೆ ಕ್ಷಮಾ ಯಾತಕ್ರಿ?"

ಪಾಸ್ಟರು, "ಸಭೆ ಒಡೀತೈತಿ, ರೂತವ್ವ," ಅಂದರು.

"ಪೂರ್ಣಿಮಾ ಒಡದು ಹೋಗ್ಯಾಳ. ಆಕಿ ನಿಮ್ಮ ಸಭೆದಾಕಿ ಅಲ್ಲೇನು?"

ವಾಪಸ್ಸು ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಯೋಚಿಸಿದಳು. ಅಚ್ಚಿನಿಂದ ಬಂದ ಹಂಚು ಒಂದರಂತೆ ಒಂದಿರುತ್ತದೆ. ದೇವರಿಗೆ ಬೇಕಿದ್ದರೆ ಮನುಷ್ಯರನ್ನೂ ಹಾಗೆಯೇ ಒತ್ತಿ ತೆಗೆಯಬಹುದಿತ್ತು. ಅವನು ಕೇಳಿದ್ದು ಪ್ರೀತಿ. ಅದು ಅಚ್ಚಿನಲ್ಲಿ ಬರುವಂಥದಲ್ಲ. ಅದಕ್ಕೇ ಒಲ್ಲೆ ಅನ್ನುವ ಬಾಗಿಲನ್ನೂ ತೆರೆದಿಟ್ಟ. ಆ ಬಾಗಿಲಿನಿಂದ ತಾನೇ ಹೊರಗೆ ನಡೆದುಹೋಗಿ, ಈಗ ದೂಡಿದವನು ಅವನೇ ಅನ್ನುವುದೇ? ಎಲ್ಲ ದೇವರ ಚಿತ್ತವಾದರೆ ತನ್ನ ಪಾಪ ತನ್ನದಲ್ಲ. ತನ್ನದಲ್ಲದ ಪಾಪಕ್ಕೆ ಪಶ್ಚಾತ್ತಾಪ ಪಡುವುದು ಹೇಗೆ? ದಾವೀದನ ಪ್ರಾಣ ಹೋಯಿತು. ಅವನಿಗಾಗಿ ಮೊಣಕಾಲೂರಿ ಅಳುವ ಹಕ್ಕನ್ನೂ ಇವರು ಕಿತ್ತುಕೊಳ್ಳುತ್ತಿದ್ದರು.

ಭಾನುವಾರ ಚರ್ಚು ತುಂಬಿತ್ತು. ರೂತವ್ವ ಎದ್ದು, ಚೀಟಿಯನ್ನು ಪಾಸ್ಟರ ಮೇಜಿನ ಮೇಲಿಟ್ಟಳು.

"ದಾವೀದನ್ನ ದೇವರು ಕೊಲ್ಲಲಿಲ್ಲ. ಭಟ್ಟಿ ಸುಡ್ತಿತ್ತು. ಸುಡ್ತೈತಿ ಅಂದೆ. ಪ್ರಸಾದ ಸಾಹೇಬ್ರು ಹೂಂ ಅನ್ನು ಅಂದ್ರು. ನಾ ಅವರ ಮಾರಿಗೆ ಅಂಜಿ, ತಗಿ ಅಂದೆ. ಇದರಾಗ ಪೂರ್ಣಿಮಾಂದು ಏನೂ ತಪ್ಪಿಲ್ಲ."

"ರೂತವ್ವ, ಇದು ಪ್ರಾರ್ಥನಿ ಜಾಗಾ," ಪ್ರಸಾದ ಮುಂದಿನ ಬೆಂಚಿನಿಂದ ಗದರಿದ.

"ಅದಕ್ಕಽ ಖರೇ ಹೇಳಾಕತ್ತೇನಿ."

ಹಿಂದೆ ಬೆಂಚು ಕಿರುಗುಟ್ಟಿತು. ಪೂರ್ಣಿಮಾ ಎದ್ದು ನಿಂತಿದ್ದಳು.

"ನಿನಗ ಗೊತ್ತಿತ್ತು?"

"ಗೊತ್ತಿತ್ತವ್ವ."

"ಗೊತ್ತಿದ್ದೂ ತಗಿ ಅಂದಿ? ಮೂರು ವಾರ ನನಗ ರೊಟ್ಟಿ ತಂದು ಕೊಟ್ಟಿ, ಇದೊಂದು ಮಾತು ಹೇಳಲಿಲ್ಲ?"

"ಹೇಳಲಿಲ್ಲ."

"ನಿನ್ನ ಬಾಯಿಗೆ ಮಣ್ಣ ಬೀಳಲಿ!"

ಯಾರೋ ಅವಳ ಸೆರಗು ಜಗ್ಗಿ ಕೂಡ್ರಿಸಲು ನೋಡಿದರು. ಅವಳು ಕೊಸರಿಕೊಂಡಳು. ಆ ಬೈಗುಳವನ್ನು ರೂತವ್ವ ತಲೆ ಬಗ್ಗಿಸದೆ ಕೇಳಿದಳು. ಮೂರು ವಾರದಿಂದ ತನ್ನನ್ನು ತಾನೇ ತಿಂದುಕೊಳ್ಳುತ್ತಿದ್ದ ಹುಡುಗಿಯ ದನಿಗೆ ಜೀವ ಬಂದಿತ್ತು. ಕ್ಷಮೆ ಸಿಗದಿದ್ದರೆ ಬೇಡ, ಇದು ಸಾಕಿತ್ತು.

ಪೂರ್ಣಿಮಾ ಮುಂದಿನ ಬೆಂಚಿನತ್ತ ತಿರುಗಿದಳು. "ಸಾಹೇಬ್ರ, ಆಕಿ ತನ್ನ ತಪ್ಪು ಆಕಿ ಹೇಳಿದಳು. ಈಗ ನೀವು ಎದ್ದು ನಿಂದರ್ರಿ."

ಪ್ರಸಾದ ಏಳಲಿಲ್ಲ. ಪಾಸ್ಟರು ಕೀರ್ತನೆ ಶುರು ಮಾಡಲೆಂದು ಬಾಯಿ ತೆರೆದು, ಪೂರ್ಣಿಮಾಳ ಮುಖ ನೋಡಿ ಮುಚ್ಚಿಕೊಂಡರು. ಚರ್ಚಿಗೆ ಚರ್ಚೇ ಕಾಯುತ್ತಿತ್ತು. ಪೂರ್ಣಿಮಾ ಕೂಡ್ರಲಿಲ್ಲ.